ಕೂಗು ಎದ್ದವರಿಗೆ ಮಾತ್ರ ಹುಡುಕಾಟವೇ?

2024ರ ಜುಲೈ 16ರ ಬೆಳಿಗ್ಗೆ ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾದಂಗಡಿಯನ್ನೂ ಅದನ್ನು ನಡೆಸುತ್ತಿದ್ದ ಸಂಸಾರವನ್ನೂ ಅಲ್ಲಿ ವಾಹನ ನಿಲ್ಲಿಸಿದ್ದ ಚಾಲಕರನ್ನೂ ಮಣ್ಣು ಕೊಚ್ಚಿಕೊಂಡು ಹೋಗಿ ಗಂಗಾವಳಿ ನದಿಗೆ ತಳ್ಳಿತು. ಸತ್ತವರು ಯಾರು? ಚಿಲ್ಲರೆ ವ್ಯಾಪಾರದವರು, ಲಾರಿ ನಡೆಸಿ ಹೊಟ್ಟೆ ಹೊರೆಯುವವರು, ನಮ್ಮ ನಿಮ್ಮಂಥವರೇ.

ಮರ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿಯ ಚಾಲಕನಿಗಾಗಿ ಆ ರಾಜ್ಯವೇ ಎದ್ದು ಕುಳಿತಿತು. ಟಿವಿಯಲ್ಲಿ, ಕೈಯ ಫೋನಿನಲ್ಲಿ, ಯೂಟ್ಯೂಬಿನಲ್ಲಿ ಜನ ಹಗಲಿರುಳು ನದಿಯನ್ನೇ ನೋಡಿದರು. ಆ ಒತ್ತಡದ ನಡುವೆ ಜುಲೈ ಕೊನೆಯ ವಾರದಲ್ಲಿ ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ಬಂದು, ರಾಡಾರ್ ಹೊತ್ತ ಡ್ರೋನನ್ನು ಹಾರಿಸಿತು. ಇದರಲ್ಲಿ ತಪ್ಪೇನೂ ಇಲ್ಲ. ಒಬ್ಬ ದುಡಿಮೆಗಾರನಿಗಾಗಿ ಲಕ್ಷಾಂತರ ಜನ ಮರುಗಿದ್ದು ಒಳ್ಳೆಯದೇ.

ಆದರೆ ಯಂತ್ರದ ಮಿತಿಯನ್ನು ತಿಳಿಯಬೇಕು. ರಾಡಾರ್ ಅಲೆಗಳನ್ನು ಕೆಳಕ್ಕೆ ಬಿಟ್ಟು, ಅಡಗಿದ ವಸ್ತುವಿಗೆ ತಗುಲಿ ಹಿಂತಿರುಗುವ ಅಲೆಯನ್ನು ಓದುತ್ತದೆ. ನೀರುಂಡ ಜೇಡಿಮಣ್ಣು ಆ ಅಲೆಗಳನ್ನು ನುಂಗಿಬಿಡುತ್ತದೆ. ದೇಹದ ಶಾಖ ಹಿಡಿಯುವ ಕ್ಯಾಮೆರಾಕ್ಕೆ ಮಣ್ಣಿನ ಅಡಿ ಕಾಣದು. ಶಿರೂರಿನಲ್ಲಿ ಲೋಹದ ಗುರುತುಗಳು ಸಿಕ್ಕವು. ಆದರೆ ನದಿಯ ಸೆಳೆತದ ಮುಂದೆ ಮುಳುಗುಗಾರರ ಕೈ ಸಾಗಲಿಲ್ಲ. ತಿಂಗಳ ಕೊನೆಗೆ ಹುಡುಕಾಟವೇ ನಿಂತಿತು. ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೂಳೆತ್ತುವ ಯಂತ್ರ ಬಂದಮೇಲೆ, 25ರಂದು, ಲಾರಿ ಮೇಲೆ ಬಂತು. ಒಳಗಿದ್ದ ದೇಹದ ಗುರುತನ್ನು ಡಿಎನ್‌ಎ ಪರೀಕ್ಷೆ ಖಚಿತಪಡಿಸಿತು. ಅಷ್ಟರಲ್ಲಿ 71 ದಿನ ಕಳೆದಿದ್ದವು. ಅದೇ ಊರ ಕಡೆಯ ಇನ್ನಿಬ್ಬರು ಅಂದಿಗೂ ಸಿಕ್ಕಿರಲಿಲ್ಲ. ಅವರ ಹೆಸರು ಎಷ್ಟು ಫೋನುಗಳಲ್ಲಿ ಮೊಳಗಿತು?

ಪ್ರಶ್ನೆ ಇರುವುದು ಇಲ್ಲಿಯೇ. ಹಿಂದೆ ಬೆಳಗಿನ ಪತ್ರಿಕೆ ಬಂದರೆ ಸುದ್ದಿ ಬಂದಂತೆ. ಈಗ ಸುದ್ದಿ ಗಳಿಗೆಗೊಮ್ಮೆ ಹೊಸದಾಗಬೇಕು. ಹೊಸದಿಲ್ಲದಿದ್ದರೆ ಊಹೆಯನ್ನೇ ಬಡಿಸುತ್ತಾರೆ. ನೋಡುಗರು ಹೆಚ್ಚಿದಷ್ಟೂ ಕಂಪನಿಗೆ ಜಾಹೀರಾತಿನ ಲಾಭ, ಮನೆಯವರಿಗೆ ಸಂಕಟ. ಹೆಣ ಸಿಕ್ಕಮೇಲೆ ಆ ಚಾಲಕನ ಕುಟುಂಬವೇ ಜಾಲದ ಬೈಗುಳಕ್ಕೆ ಗುರಿಯಾಗಿ ಪೊಲೀಸರಿಗೆ ದೂರು ಕೊಡಬೇಕಾಯಿತು. ಹೊಸತು ನಿಂತ ದಿನ ಕಣ್ಣು ಬೇರೆ ಕಡೆ ತಿರುಗುತ್ತದೆ. ಕಾಣೆಯಾದವನು ಮಾತ್ರ ಕೆಸರಿನಲ್ಲೇ ಇರುತ್ತಾನೆ.

ದುಡಿಯುವವನ ಹೆಣವನ್ನು ಹುಡುಕುವುದು ನೋಡುಗರ ದಯೆಯಲ್ಲ, ಸರಕಾರದ ಕರ್ತವ್ಯ. ಗುಡ್ಡ ಕುಸಿಯುವ ಪ್ರತಿ ಜಿಲ್ಲೆಯಲ್ಲೂ ಡ್ರೋನ್, ಅದನ್ನು ಬಲ್ಲ ನೌಕರರು, ಮುಳುಗುಗಾರರು ಸದಾ ಸಿದ್ಧರಿರಬೇಕು. ಹೂಳೆತ್ತುವ ಯಂತ್ರ ಎಲ್ಲಿಂದ ತರುವುದೆಂಬುದು ಮಳೆಗಾಲಕ್ಕೆ ಮೊದಲೇ ಗೊತ್ತಿರಬೇಕು. ದಿನಕ್ಕೊಮ್ಮೆ, ಗೊತ್ತಾದ ಹೊತ್ತಿಗೆ, ಕಂಡದ್ದನ್ನೂ ಕಾಣದ್ದನ್ನೂ ಅಧಿಕಾರಿ ಮೊದಲು ಮನೆಯವರಿಗೆ ಹೇಳಬೇಕು, ಆಮೇಲೆ ಊರಿಗೆ. ಗದ್ದಲ ಎದ್ದ ಹೆಸರಿಗೂ ಏಳದ ಹೆಸರಿಗೂ ಒಂದೇ ನಿಯಮವಿರಲಿ.

ಇನ್ನೊಂದು ಮಾತು. ಹೆದ್ದಾರಿ ಅಗಲ ಮಾಡಲು ಗುಡ್ಡದ ಬುಡ ಕಡಿದ ಕಡೆಗಳಲ್ಲಿ ಅದೇ ಡ್ರೋನನ್ನು ಮಳೆಗೆ ಮುಂಚೆ ಹಾರಿಸಿ ಬಿರುಕು ನೋಡಬಹುದಲ್ಲವೇ? ಹೆಣ ಹುಡುಕಲು ಹಾರುವ ಯಂತ್ರ ಜೀವ ಉಳಿಸಲೂ ಹಾರಲಿ ಎಂದು ನಾವು ಒತ್ತಾಯಿಸುತ್ತೇವೆ.