ಪಟ್ಟಿಯಲ್ಲಿ ಬಿಟ್ಟುಹೋದ ಪೈಪು



“ಗೇಟಿಗೆ ತುಕ್ಕು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಪೈಪಿನ ಒಳಗೆ ಕಬ್ಬಿಣ ಸವೆದರೆ ಹೇಗೆ ಗೊತ್ತಾಗುತ್ತದೆ?” ಎಂದು ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ. ಜಾಣ ಪ್ರಶ್ನೆ. ಉತ್ತರಕ್ಕಾಗಿ ನಿಮ್ಮನ್ನು ಈ ವಾರ ಜಪಾನಿಗೆ ಕರೆದೊಯ್ಯುತ್ತೇನೆ.

ಅಲ್ಲಿನ ಫುಕುಯಿ ಪ್ರಾಂತದಲ್ಲಿ ಮಿಹಾಮಾ ಎಂಬ ಊರಿದೆ. ಅಲ್ಲಿಯ ಅಣು ವಿದ್ಯುತ್ ಸ್ಥಾವರದ ಮೂರನೇ ಘಟಕ ಕೆಲಸ ಶುರುಮಾಡಿದ್ದು 1976ರಲ್ಲಿ. 2004ರ ಆಗಸ್ಟ್ 9ರಂದು ಅದರ ಟರ್ಬೈನ್ ಕಟ್ಟಡದಲ್ಲಿ ಒಂದು ದೊಡ್ಡ ಪೈಪು ಒಡೆಯಿತು. ಒಳಗೆ ಒತ್ತಡದಲ್ಲಿ ಹರಿಯುತ್ತಿದ್ದದ್ದು ಸುಮಾರು 140 ಡಿಗ್ರಿ ಬಿಸಿಯ ನೀರು. ಹೊರಬಂದ ಕೂಡಲೇ ಅದು ಹಬೆಯಾಗಿ ಕಟ್ಟಡವನ್ನು ತುಂಬಿತು. ರಿಯಾಕ್ಟರಿನೊಳಗಿನ ನೀರು ಈ ಪೈಪಿಗೆ ಬರುವುದಿಲ್ಲ. ಹಾಗಾಗಿ ವಿಕಿರಣ ಸೋರಲಿಲ್ಲ. ಆದರೆ ಹಬೆಗೆ ಸಿಕ್ಕಿ ಐವರು ತೀರಿಕೊಂಡರು, ಆರು ಮಂದಿ ಗಾಯಗೊಂಡರು. ಕೆಲವೇ ದಿನಗಳಲ್ಲಿ ನಡೆಯಬೇಕಿದ್ದ ತಪಾಸಣೆಗೆ ಸಿದ್ಧತೆ ಮಾಡಲು ಬಂದಿದ್ದ ಕೆಲಸಗಾರರು ಅವರು.

ಪೈಪು ಒಡೆದದ್ದೇಕೆ? ಬಿಸಿನೀರಿನ ಉಕ್ಕಿನ ಪೈಪಿನೊಳಗೆ ತೆಳುವಾದ ಕಪ್ಪು ಪದರ ಕಟ್ಟುತ್ತದೆ. ಅದೇ ಉಕ್ಕಿಗೆ ಕವಚ. ನೀರು ಸುಳಿಸುತ್ತಿ ರಭಸದಿಂದ ಹರಿಯುವ ಕಡೆ ಈ ಪದರ ಕರಗುತ್ತಾ ಹೋಗುತ್ತದೆ. ಮತ್ತೆ ಪದರ ಕಟ್ಟಲು ಇನ್ನಷ್ಟು ಉಕ್ಕು ಖರ್ಚಾಗುತ್ತದೆ. ಹೀಗೆ ಗೋಡೆ ತೆಳ್ಳಗಾಗುತ್ತದೆ. ಕೊಳವೆಯ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದರೆ ನೀರು ಹೇಗೆ ರಭಸದಿಂದ ಚಿಮ್ಮುತ್ತದೆ, ನೋಡಿದ್ದೀರಲ್ಲ? ಆ ಪೈಪಿನಲ್ಲೂ ಹರಿವನ್ನು ಅಳೆಯಲು ನಡುವೆ ತೂತಿರುವ ಒಂದು ಬಿಲ್ಲೆ ಅಡ್ಡಲಾಗಿ ಕೂಡಿಸಿದ್ದರು. ಪೈಪು ಒಡೆದದ್ದು ಅದರ ತುಸು ಮುಂದೆಯೇ.

ಇನ್ನು ನಮ್ಮ ಹುಡುಗಿಯ ಪ್ರಶ್ನೆ. ಮಡಕೆ ಕೊಳ್ಳುವಾಗ ಅಜ್ಜಿ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರೆ. ಎಂಜಿನಿಯರುಗಳೂ ಪೈಪಿನ ಹೊರಗಿನಿಂದ ಸದ್ದು ಕಳಿಸುತ್ತಾರೆ. ಅದು ನಮ್ಮ ಕಿವಿಗೆ ಕೇಳದಷ್ಟು ಕೀಚಲು. ಗೋಡೆಯ ಒಳಮೈಗೆ ತಾಗಿ ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ದಪ್ಪ ತಿಳಿಯುತ್ತದೆ.

ಮುಂದಿನದು ಬರೀ ಭಾಗಾಕಾರ. ಹೊಸದರಲ್ಲಿ ಆ ಪೈಪಿನ ಗೋಡೆ 10 ಮಿಲಿಮೀಟರ್ ದಪ್ಪವಿತ್ತು. ಕನಿಷ್ಠ 4.7 ಮಿಲಿಮೀಟರ್ ಇರಲೇಬೇಕಿತ್ತು. ಒಡೆದಾಗ ಒಂದೂವರೆ ಮಿಲಿಮೀಟರ್ ಕೂಡ ಉಳಿದಿರದ ಜಾಗವಿತ್ತು. ಅಂದರೆ ಸುಮಾರು 28 ವರ್ಷ, ವರ್ಷಕ್ಕೆ ಹೆಚ್ಚುಕಡಿಮೆ 0.3 ಮಿಲಿಮೀಟರ್ ಸವೆತ. ಒಂದೇ ಸಮನೆ ಸವೆದಿದೆ ಎಂದು ಲೆಕ್ಕ ಹಾಕಿದರೆ, 1994ರ ಹೊತ್ತಿಗೇ ಪೈಪನ್ನು ಬದಲಿಸಬೇಕಿತ್ತು!

ಹಾಗಾದರೆ ಯಾರೂ ಲೆಕ್ಕ ಹಾಕಲಿಲ್ಲವೇ? ಅಳೆಯಬೇಕಾದ ಜಾಗಗಳದ್ದೊಂದು ಪಟ್ಟಿ ಇತ್ತು. ಈ ಜಾಗ ಅದರಲ್ಲಿ ಬಿಟ್ಟುಹೋಗಿತ್ತು. ಅಷ್ಟೂ ವರ್ಷಗಳಲ್ಲಿ ಅದನ್ನು ಒಮ್ಮೆಯೂ ಅಳೆದಿರಲಿಲ್ಲ.

ಈ ಸವೆತವನ್ನು ತಡೆಯುವ ದಾರಿಗಳಿವೆ. ಉಕ್ಕಿಗೆ ಸ್ವಲ್ಪ ಕ್ರೋಮಿಯಂ ಬೆರೆಸಿದರೆ ಕಪ್ಪು ಪದರ ಗಟ್ಟಿಯಾಗಿ ನಿಲ್ಲುತ್ತದೆ. ನೀರನ್ನು ತುಸು ಕ್ಷಾರೀಯವಾಗಿಟ್ಟರೆ ಸವೆತ ನಿಧಾನವಾಗುತ್ತದೆ. ಆದರೆ ಎಲ್ಲಕ್ಕೂ ಮೊದಲು ಬೇಕಾದದ್ದು ಏನೂ ಬಿಟ್ಟುಹೋಗದ ಪಟ್ಟಿ. ಅದಕ್ಕೇ ನಾನು ಹೇಳುವುದು: ಪಟ್ಟಿ ಬರೆದವರೇ ಅದನ್ನು ಪರೀಕ್ಷಿಸಿದರೆ ಸಾಲದು, ಇನ್ನೊಬ್ಬರು ಜಾಗಕ್ಕೇ ಹೋಗಿ ತಾಳೆ ನೋಡಬೇಕು.

ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯಲ್ಲಿ ತುಕ್ಕು ಹಿಡಿಯಬಹುದಾದ ಜಾಗಗಳ ಪಟ್ಟಿಯನ್ನು ನೀವೊಂದು ಬರೆಯಿರಿ, ಅಜ್ಜ ಬೇರೆಯಾಗಿ ಇನ್ನೊಂದು ಬರೆಯಲಿ. ಆಮೇಲೆ ಎರಡನ್ನೂ ಹೋಲಿಸಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಜಾಗಗಳನ್ನೇ ಮೊದಲು ಹೋಗಿ ನೋಡಿ.

ವಾರದ ಲೆಕ್ಕ: ಒಂದು ಪೈಪಿನ ಗೋಡೆ ಹೊಸದರಲ್ಲಿ 8 ಮಿಲಿಮೀಟರ್, 5 ವರ್ಷದ ನಂತರ 7 ಮಿಲಿಮೀಟರ್. ಕನಿಷ್ಠ 4 ಇರಬೇಕು. ಇನ್ನೆಷ್ಟು ವರ್ಷ ಬಳಸಬಹುದು? ಮತ್ತೆ ಅಳೆಯಲು ನೀವು ಅಷ್ಟು ವರ್ಷವೂ ಕಾಯುತ್ತೀರಾ? ಏಕೆ? ಬರೆದು ಕಳಿಸಿ.