ಸುಸ್ತು ಅಂದ್ರೆ ಸೋಮಾರಿತನ ಅಲ್ಲ

ಬೆಳಗ್ಗೆ ಮೊದಲನೇ ಪೀರಿಯಡ್‌ನಲ್ಲಿ ನಮ್ಮ ಕ್ಲಾಸನ್ನ ಒಮ್ಮೆ ಲಾಸ್ಟ್ ಬೆಂಚಿಂದ ನೋಡಬೇಕು. ಅರ್ಧ ಜನ ತೂಕಡಿಸ್ತಿರ್ತಾರೆ, ಉಳಿದವರು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿರ್ತಾರೆ. ಯಾಕೋ ಇಷ್ಟು ಸುಸ್ತು ಅಂದ್ರೆ ಎಲ್ಲರದ್ದೂ ಒಂದೇ ಉತ್ತರ: "ಇಂಜಿನಿಯರಿಂಗ್ ಅಲ್ವಾ ಮಗಾ!" ರಾತ್ರಿ ಮೂರು ಗಂಟೆವರೆಗೆ ಎದ್ದಿದ್ದನ್ನ ನಾವು ಮೆಡಲ್ ಸಿಕ್ಕ ಹಾಗೆ ಹೇಳ್ಕೊಳ್ತೀವಿ.

ನಮ್ಮ ಲ್ಯಾಬ್ ಬ್ಯಾಚ್‌ನಲ್ಲಿ ಒಬ್ಬಳಿಗೆ ನಾವು "ಕುಂಭಕರ್ಣಿ" ಅಂತ ಹೆಸರಿಟ್ಟಿದ್ವಿ. ರಾತ್ರಿ ಎಂಟು ಗಂಟೆ ಮಲಗಿದ್ರೂ ಕ್ಲಾಸಲ್ಲಿ ನಿದ್ದೆ ಮಾಡೋಳು, ಎರಡು ಮಹಡಿ ಹತ್ತಿದ್ರೆ ಏದುಸಿರು ಬಿಡೋಳು. ರಜೆಗೆ ಊರಿಗೆ ಹೋದಾಗ ಅವರಮ್ಮ ಬಲವಂತವಾಗಿ ರಕ್ತ ಪರೀಕ್ಷೆ ಮಾಡಿಸಿದ್ರು. ಹಿಮೋಗ್ಲೋಬಿನ್ ಬರೀ 8. ಹೆಂಗಸರಲ್ಲಿ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ರೆ ಅದು ರಕ್ತಹೀನತೆ. ಒಂದು ಸೆಮಿಸ್ಟರ್ ಪೂರ್ತಿ ನಾವು ಗೇಲಿ ಮಾಡಿದ್ದು ಒಂದು ಕಾಯಿಲೆಯನ್ನ.

ಇದು ಅಪರೂಪದ ಕೇಸ್ ಏನಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 25 ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಹುಡುಗರೂ "ನಮಗಲ್ಲ" ಅಂತ ಪುಟ ತಿರುಗಿಸೋ ಹಾಗಿಲ್ಲ.

ಹಾಗಂತ ಎಲ್ಲರ ಸುಸ್ತಿಗೂ ರಕ್ತವೇ ಕಾರಣ ಅಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಕಾರಣ ನಿದ್ದೆಯೇ. ನಮ್ಮ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಹದಿಹರೆಯದಿಂದ ಸುಮಾರು ಇಪ್ಪತ್ತರವರೆಗೆ ದೇಹದ ಗಡಿಯಾರವೇ ಸ್ವಲ್ಪ ಹಿಂದೆ ಓಡುತ್ತೆ, ಅದಕ್ಕೇ ಹತ್ತಕ್ಕೆ ಮಲಗಿದ್ರೆ ನಿದ್ದೆ ಹತ್ತಲ್ಲ. ಅದು ನಮ್ಮ ತಪ್ಪಲ್ಲ. ಆದರೆ ಅದರ ಮೇಲೆ ಎರಡು ಗಂಟೆ ರೀಲ್ಸ್ ನೋಡೋದು ನಮ್ಮದೇ ತಪ್ಪು. ಸಂಜೆ ಏಳಕ್ಕೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ರಾತ್ರಿ ಹನ್ನೆರಡಕ್ಕೂ ಮೈಯಲ್ಲೇ ಇರುತ್ತೆ. ಕೆಫೀನ್ ಸುಸ್ತನ್ನ ಕಳೆಯಲ್ಲ, ಸುಸ್ತಾಗಿದೆ ಅನ್ನೋ ಸಿಗ್ನಲ್ ಮೆದುಳಿಗೆ ತಲುಪದ ಹಾಗೆ ತಡೆಯುತ್ತೆ ಅಷ್ಟೆ.

ಸರಿಯಾಗಿ ಮಲಗಿದ್ರೂ ವಾರಗಟ್ಟಲೆ ಸುಸ್ತು ಹೋಗ್ತಿಲ್ಲ ಅಂದ್ರೆ ಡಾಕ್ಟರ ಹತ್ತಿರ ಹೋಗಲೇಬೇಕು. ಥೈರಾಯ್ಡ್ ಇರಬಹುದು, ಬಿ12 ಕೊರತೆ ಇರಬಹುದು. ಮಾಂಸ, ಮೊಟ್ಟೆ ತಿನ್ನದವರಲ್ಲಿ ಇದು ಹೆಚ್ಚು. ಜೋರಾಗಿ ಗೊರಕೆ ಹೊಡೆಯೋರಿಗೆ ನಿದ್ದೆಯಲ್ಲೇ ಉಸಿರು ಕಟ್ಟುತ್ತಿರಬಹುದು. ಕೆಲವೊಮ್ಮೆ ದಣಿದಿರೋದು ಮನಸ್ಸು. ಯಾವುದರಲ್ಲೂ ಆಸಕ್ತಿ ಇಲ್ಲ, ಹಾಸಿಗೆಯಿಂದ ಏಳೋದೇ ಬೇಡ ಅನ್ಸುತ್ತೆ ಅನ್ನೋ ಫ್ರೆಂಡ್‌ಗೆ "ಸೋಮಾರಿ" ಅನ್ನೋ ಮುಂಚೆ ಟೆಲಿ ಮಾನಸ್ ನಂಬರ್ 14416 ಕೊಡೋಣ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಲ್ಯಾಬಲ್ಲಿ ಸರ್ಕ್ಯೂಟ್ ಕೆಲಸ ಮಾಡದಿದ್ರೆ ನಾವು ಅದಕ್ಕೆ ಬೈತಾ ಕೂರಲ್ಲ, ಮೊದಲು ಪವರ್ ಸಪ್ಲೈ ನೋಡ್ತೀವಿ. ನಮ್ಮ ಮೈಗೆ ಮಾತ್ರ ಬೈದು, ಇನ್ನೊಂದು ಕಾಫಿ ಕುಡಿಸ್ತೀವಿ.

ಕಾಲೇಜಿಗೆ ನಮ್ಮದೊಂದು ಬೇಡಿಕೆ ಇದೆ. ರಕ್ತದಾನ ಶಿಬಿರದಲ್ಲಿ ರಕ್ತ ತಗೊಳ್ಳೋ ಮುಂಚೆ ಹಿಮೋಗ್ಲೋಬಿನ್ ನೋಡ್ತಾರೆ, 12.5 ಇಲ್ಲದಿದ್ರೆ ವಾಪಸ್ ಕಳಿಸ್ತಾರೆ. ತಮಗೆ ರಕ್ತ ಕಡಿಮೆ ಇದೆ ಅಂತ ನಮ್ಮಲ್ಲಿ ಕೆಲವರಿಗೆ ಗೊತ್ತಾಗಿದ್ದೇ ಹಾಗೆ. ಬೆರಳು ಚುಚ್ಚಿ ನೋಡೋ ಆ ಪರೀಕ್ಷೆಯನ್ನ ದಾನ ಮಾಡೋರಿಗೆ ಮಾತ್ರ ಅಲ್ಲ, ಪ್ರತಿ ವರ್ಷ ಎಲ್ಲ ವಿದ್ಯಾರ್ಥಿಗಳಿಗೂ ಮಾಡಿಸಲಿ. ಫೆಸ್ಟ್‌ಗೆ ಆಗೋ ಖರ್ಚಿನ ಮುಂದೆ ಇದು ದೊಡ್ಡದೇನಲ್ಲ.

ನಮ್ಮ ಫ್ರೆಂಡ್ ಈಗ ಡಾಕ್ಟರ್ ಹೇಳಿದ ಹಾಗೆ ಕಬ್ಬಿಣದ ಮಾತ್ರೆ ತಗೊಳ್ತಿದ್ದಾಳೆ. ಟೀ ಕುಡಿದ್ರೆ ಊಟದ ಕಬ್ಬಿಣ ಮೈಗೆ ಹತ್ತಲ್ಲ ಅಂತ ಊಟ ಆದ ತಕ್ಷಣ ಕುಡಿಯೋದನ್ನೂ ಬಿಟ್ಟಿದ್ದಾಳೆ. ಮೊನ್ನೆ ಮೂರನೇ ಮಹಡಿಯ ಲ್ಯಾಬಿಗೆ ನಮಗಿಂತ ಮುಂಚೆ ಹೋಗಿ ನಿಂತಿದ್ಲು. ನಾವು ಸಾರಿ ಕೇಳಿದ್ವಿ. "ಇರಲಿ ಬಿಡ್ರೋ, ನೀವೂ ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ" ಅಂದ್ಲು. ಈ ಶನಿವಾರ ಹೋಗ್ತಿದ್ದೀವಿ, ಬರೋರು ಬನ್ನಿ.