ರ‍್ಯಾಂಪ್ ಕಟ್ಟಿದ್ದಾಯಿತು, ಸದ್ದಿನ ಗತಿಯೇನು?

ಸರ್ಕಾರಿ ಶಾಲೆಯ ಕೊಠಡಿಯಲ್ಲಿ ಸದ್ದು ಅಡಗಲು ಜಾಗವೇ ಇಲ್ಲ. ಸಿಮೆಂಟಿನ ನೆಲ, ಸಿಮೆಂಟಿನ ಗೋಡೆ, ಮೇಲೆ ಆರ್‌ಸಿಸಿ. ಎಳೆದ ಡೆಸ್ಕಿನ ಕಿರುಚು, ಪಕ್ಕದ ತರಗತಿಯ ಮಗ್ಗಿ, ಬಿಸಿಯೂಟದ ಸ್ಟೀಲ್ ತಟ್ಟೆ ಬಿದ್ದ ಸದ್ದು ಎಲ್ಲವೂ ಗೋಡೆಗೆ ಬಡಿದು ವಾಪಸು ಬರುತ್ತವೆ. ಮಲೆನಾಡಿನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹಿಡಿಯಿತೆಂದರೆ ಮೇಷ್ಟ್ರು ಪಾಠ ನಿಲ್ಲಿಸಬೇಕು. ಹೆಚ್ಚಿನ ಮಕ್ಕಳು ಇದಕ್ಕೆ ಒಗ್ಗಿಕೊಳ್ಳುತ್ತಾರೆ. ಆಟಿಸಂ ಇರುವ ಹಲವು ಮಕ್ಕಳಿಗೆ ಅದು ಆಗದು. ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾರೆ, ಇಲ್ಲವೇ ಹೊರಗೆ ಓಡುತ್ತಾರೆ. ‘ಹಟಮಾರಿ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ಶ್ರವಣ ಸಾಧನ ಹಾಕಿಕೊಂಡ ಮಗುವಿನ ಪಾಡು ಬೇರೆ. ಯಂತ್ರವು ಮೇಷ್ಟ್ರ ದನಿಯ ಜೊತೆಗೆ ಗದ್ದಲವನ್ನೂ ಹೆಚ್ಚಿಸಿ ಕೇಳಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಇದಕ್ಕೊಂದು ಅಳತೆ ಕೊಟ್ಟಿತ್ತು: ಪಾಠ ನಡೆಯುವಾಗ ಹಿನ್ನೆಲೆಯ ಸದ್ದು 35 ಡೆಸಿಬೆಲ್ ಮೀರಬಾರದು, ಮಾರ್ದನಿ ಸುಮಾರು 0.6 ಸೆಕೆಂಡಿನೊಳಗೆ ಅಡಗಬೇಕು. ಸಾಮಾನ್ಯ ಮಾತುಕತೆಯೇ ಸುಮಾರು 60 ಡೆಸಿಬೆಲ್ ಇರುತ್ತದೆ.

ಭಾರತದ ಕಾನೂನೂ ಹಿಂದೆ ಬಿದ್ದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲವನ್ನು ಶಾಲೆ ಮಾಡಿಕೊಡಬೇಕು ಎನ್ನುತ್ತದೆ ಆ ಕಾಯ್ದೆ. ಆದರೆ ಅನುಕೂಲವೆಂದರೆ ರ‍್ಯಾಂಪ್ ಮತ್ತು ಶೌಚಾಲಯ ಎಂಬಲ್ಲಿಗೇ ಲೆಕ್ಕ ಮುಗಿಯುತ್ತದೆ. ಅವು ಬೇಕೇ ಬೇಕು, ಸಂಶಯವಿಲ್ಲ. ಒಳಗೆ ಬಂದ ಮಗು ಅಲ್ಲಿ ಕೂತಿರಬಲ್ಲದೇ ಎಂಬುದನ್ನೂ ಯಾರಾದರೂ ಕೇಳಬೇಕಲ್ಲ?

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 2007ರಲ್ಲಿ ತೆರೆದ ಹೇಜಲ್‌ವುಡ್ ಶಾಲೆ ಆ ಪ್ರಶ್ನೆಯಿಂದಲೇ ಹುಟ್ಟಿತು. ದೃಷ್ಟಿ, ಶ್ರವಣ ಎರಡರಲ್ಲೂ ತೊಂದರೆಯಿರುವ ಮಕ್ಕಳಿಗಾಗಿ ವಾಸ್ತುಶಿಲ್ಪಿ ಅಲನ್ ಡನ್‌ಲಪ್ ಇದನ್ನು ರೂಪಿಸಿದರು. ನೇರವಾದ ಉದ್ದನೆಯ ಕಾರಿಡಾರ್ ಇಲ್ಲಿಲ್ಲ; ಕಟ್ಟಡ ಬಳುಕುತ್ತ ಸಾಗುತ್ತದೆ, ಅದರುದ್ದಕ್ಕೂ ಕಾರ್ಕ್ ಹೊದಿಸಿದ ಗೋಡೆಯೊಂದಿದೆ. ಕಾರ್ಕ್ ಕೈಗೆ ಬೆಚ್ಚಗೆ ಹತ್ತುತ್ತದೆ. ಅದನ್ನು ಸವರುತ್ತ ಮಗು ತನ್ನ ತರಗತಿಯನ್ನು ತಾನೇ ಹುಡುಕಿಕೊಳ್ಳುತ್ತದೆ, ಯಾರ ಕೈಯನ್ನೂ ಹಿಡಿಯದೆ. ಅಂಥ ಕಟ್ಟಡ ಎಲ್ಲೆಡೆ ಸಾಧ್ಯವಿಲ್ಲ, ನಿಜ. ಆದರೆ ಗೋಡೆಗೂ ಒಂದು ಕೆಲಸವಿದೆ ಎಂಬ ತಿಳಿವಳಿಕೆಗೆ ಖರ್ಚಿಲ್ಲ.

ಕರ್ನಾಟಕಕ್ಕೆ ಈ ತಿಳಿವಳಿಕೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಬೋಧನಾ ಪದ್ಧತಿ, ಮಕ್ಕಳನ್ನು ಬೆಂಚಿನಿಂದ ಇಳಿಸಿ ನೆಲದ ಮೇಲೆ ಗುಂಪಾಗಿ ಕೂರಿಸಿತು, ಗೋಡೆಯ ಕೆಳಭಾಗವನ್ನು ಅವರ ಬರವಣಿಗೆಗೆ ಬಿಟ್ಟುಕೊಟ್ಟಿತು. ಆ ಸಂಭ್ರಮ ಉಳಿಯಲೇಬೇಕು. ಆದರೆ ಈಗ ಎಷ್ಟೋ ಕೊಠಡಿಗಳಲ್ಲಿ ನಾಲ್ಕೂ ಗೋಡೆಗೆ ಚಿತ್ರ, ತಲೆಯ ಮೇಲೆ ಚಪ್ಪರದ ತುಂಬ ತೂಗುವ ಕಾಗದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ, ಅಲಂಕಾರ ತುಂಬಿದ ಕೋಣೆಯಲ್ಲಿ ಪಾಠ ಕೇಳಿದ ಪುಟ್ಟ ಮಕ್ಕಳು 42% ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ, ಖಾಲಿ ಗೋಡೆಯ ಕೋಣೆಯಲ್ಲಿ ಅದು 55% ಇತ್ತು. ಅವರು ಯಾವ ವಿಶೇಷ ಅಗತ್ಯದ ಮಕ್ಕಳೂ ಅಲ್ಲ. ಹಲಗೆಯಿರುವ ಗೋಡೆಯೊಂದನ್ನಾದರೂ ಖಾಲಿ ಬಿಟ್ಟರೆ ಇಡೀ ತರಗತಿಗೇ ಲಾಭ.

ಉಳಿದದ್ದೂ ದುಬಾರಿಯಲ್ಲ. ಡೆಸ್ಕಿನ ಕಾಲಿಗೆ ರಬ್ಬರ್, ನೆಲಕ್ಕೆ ಜಮಖಾನ, ಹಿಂಬದಿಯ ಗೋಡೆಗೆ ತಿಪಟೂರು ಕಡೆಯ ತೆಂಗಿನ ನಾರಿನ ದಪ್ಪ ಹಾಸು, ಕಿಟಕಿಯ ಝಳಕ್ಕೆ ತಿಳಿಬಣ್ಣದ ಪರದೆ. ಗದ್ದಲ ತಾಳದ ಮಗು ಹತ್ತು ನಿಮಿಷ ಕೂತು ಬರಲು ಒಂದು ಮೂಲೆ. ಅದು ಶಿಕ್ಷೆಯ ಮೂಲೆ ಆಗಕೂಡದು, ಅಷ್ಟೆ. ಪ್ರತಿ ತಾಲ್ಲೂಕಿನಲ್ಲೂ ವಿಶೇಷ ಅಗತ್ಯದ ಮಕ್ಕಳನ್ನು ಹತ್ತಿರದಿಂದ ಬಲ್ಲ ಬಿಐಇಆರ್‌ಟಿ ಶಿಕ್ಷಕರಿರಬೇಕು ಎಂಬುದು ಇಲಾಖೆಯದೇ ವ್ಯವಸ್ಥೆ. ಹೊಸ ಕೊಠಡಿಯ ನಕ್ಷೆಗೆ ಎಂಜಿನಿಯರ್ ಸಹಿ ಹಾಕುವ ಮುನ್ನ ಅವರನ್ನೂ ಆ ಮಕ್ಕಳ ತಂದೆತಾಯಿಯನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಕರೆಯುವುದನ್ನು ಶಿಕ್ಷಣ ಇಲಾಖೆ ಈ ವರ್ಷವೇ ಕಡ್ಡಾಯ ಮಾಡಲಿ.